ಕೇಳಿದರೆ ಮಾತ್ರ ಹೇಳುವ ತಪ್ಪು

ಆನ್‌ಲೈನಿನಲ್ಲಿ ಅರ್ಜಿ ಹಾಕಿದವರಿಗೆಲ್ಲ ಪರಿಚಯ ಇರುವ ಒಂದು ವಾಕ್ಯ ಇದೆ: ‘ನಿಮ್ಮ ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ.’ ಹಸಿರು ಬಣ್ಣ, ಪಕ್ಕದಲ್ಲೊಂದು ಟಿಕ್ ಗುರುತು. ಅದನ್ನು ನಂಬಿ ನಾವು ಎದ್ದು ಹೋಗ್ತೀವಿ. ಆದರೆ ಆ ವಾಕ್ಯ ನಿಜವಾಗಿ ಹೇಳುತ್ತಿರೋದು ಏನು? ಅರ್ಜಿ ಡೇಟಾಬೇಸಿನಲ್ಲಿ ಹೋಗಿ ಕೂತಿದೆ ಅಂತಲೋ, ಇಲ್ಲಾ ಪ್ರೋಗ್ರಾಮು ಆ ವಾಕ್ಯ ಬರೆದಿರುವ ಸಾಲಿನ ತನಕ ಓಡಿ ಬಂದಿದೆ ಅಂತಷ್ಟೆಯೋ? ಎರಡೂ ಒಂದೇ ತಾನೇ ಅಂತ ನಮಗನ್ನಿಸುತ್ತೆ. ಜಗತ್ತಿನ ಬಹುಪಾಲು ಜಾಲತಾಣಗಳನ್ನು ಕಟ್ಟಿದ ಪಿಎಚ್‌ಪಿ ಭಾಷೆಯಲ್ಲಿ 2020ರ ನವೆಂಬರ್ ತನಕ ಅವೆರಡೂ ಒಂದೇ ಆಗಿರಲಿಲ್ಲ. ಡೇಟಾಬೇಸು ‘ಆಗಲ್ಲ’ ಅಂದರೂ ಪ್ರೋಗ್ರಾಮು ಮುಂದಿನ ಸಾಲಿಗೆ ಹೋಗಿ ಹಸಿರು ಅಕ್ಷರದಲ್ಲಿ ‘ಆಯ್ತು’ ಅಂತ ಹೇಳಿಬಿಡುವುದು ಪೂರ್ತಿ ಸಾಧ್ಯವಿತ್ತು. ಅದು ದೋಷವಲ್ಲ. ಹಾಗೆ ಇರಲಿ ಅಂತಲೇ ಇಟ್ಟ ವ್ಯವಸ್ಥೆ.

ಈ ವ್ಯವಸ್ಥೆ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಪಿಎಚ್‌ಪಿ ಹುಟ್ಟುವುದಕ್ಕಿಂತ ಸಾಕಷ್ಟು ಹಿಂದಕ್ಕೆ ಹೋಗಬೇಕು.

1981ರಲ್ಲಿ ಐಬಿಎಂ ಎಸ್‌ಕ್ಯೂಎಲ್/ಡಿಎಸ್ ಅನ್ನೂ 1983ರಲ್ಲಿ ಡಿಬಿ2 ಅನ್ನೂ ಹೊರತಂದಿತು. ಆಗ ಎಸ್‌ಕ್ಯೂಎಲ್ ಅನ್ನೋದು ಕೋಬಾಲ್, ಪಿಎಲ್/1 ಪ್ರೋಗ್ರಾಮುಗಳ ಹೊಟ್ಟೆಯೊಳಗೆ ಕೂತು ಕೆಲಸ ಮಾಡುತ್ತಿತ್ತು. ಕೋಬಾಲ್ ಒಂದು ಜಗತ್ತು, ಡೇಟಾಬೇಸು ಇನ್ನೊಂದು ಜಗತ್ತು. ಇವೆರಡರ ನಡುವೆ ಸುದ್ದಿ ಸಾಗಿಸಲು ಒಂದು ಸಣ್ಣ ಜಾಗವನ್ನು ಮೀಸಲಿಟ್ಟಿದ್ದರು. ಅದರಲ್ಲಿ ಎಸ್‌ಕ್ಯೂಎಲ್‌ಕೋಡ್ ಎಂಬ ಒಂದು ಸಂಖ್ಯೆ. ಸೊನ್ನೆ ಇದ್ದರೆ ಎಲ್ಲ ಸರಿ. ಋಣ ಸಂಖ್ಯೆ ಇದ್ದರೆ ತಪ್ಪು. +100 ಇದ್ದರೆ ತಪ್ಪೇನಿಲ್ಲ, ಆದರೆ ನೀನು ಹುಡುಕಿದ ಸಾಲು ಇಲ್ಲ. ಬೆಂಗಳೂರಿನಲ್ಲಿ ಮೇನ್‌ಫ್ರೇಮ್ ಕೆಲಸ ಮಾಡಿದವರನ್ನು ಕೇಳಿ ನೋಡಿ, −803 ಅಂದರೆ ಏನು, −911 ಅಂದರೆ ಏನು ಅಂತ ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಮೊದಲನೆಯದು ‘ಈ ಕೀಲಿಯ ಸಾಲು ಆಗಲೇ ಇದೆ’. ಎರಡನೆಯದು ‘ಇಬ್ಬರು ಒಬ್ಬರಿಗೊಬ್ಬರು ದಾರಿ ಕಟ್ಟಿಕೊಂಡು ನಿಂತಿದ್ದೀರಿ, ನಿನ್ನ ಕೆಲಸವನ್ನ ಹಿಂದಕ್ಕೆ ತಳ್ಳಿದ್ದೇನೆ’.

ಇಲ್ಲಿ ಒಂದು ಸೂಕ್ಷ್ಮ ಇದೆ. ಡೇಟಾಬೇಸು ಆ ಸಂಖ್ಯೆಯನ್ನು ಬರೆದಿಡುತ್ತಿತ್ತು, ಅಷ್ಟೆ. ಓದುವುದು ಬಿಡುವುದು ಪ್ರೋಗ್ರಾಮ್ ಬರೆದವನಿಗೆ ಸೇರಿದ್ದು. ಓದದೆ ಮುಂದೆ ಹೋದರೆ ಯಾರೂ ತಡೆಯುತ್ತಿರಲಿಲ್ಲ. ಮುಂದಿನ ಎಸ್‌ಕ್ಯೂಎಲ್ ವಾಕ್ಯ ಓಡಿದ ತಕ್ಷಣ ಆ ಜಾಗದಲ್ಲಿ ಹೊಸ ಸಂಖ್ಯೆ ಬಂದು ಕೂರುತ್ತಿತ್ತು. ಹಳೆಯ ತಪ್ಪಿನ ಗುರುತೇ ಇಲ್ಲ. ಪ್ರತಿ ವಾಕ್ಯದ ಕೆಳಗೂ ‘ಸೊನ್ನೆಯೇ?’ ಅಂತ ಕೇಳುವ ಕಷ್ಟ ತಪ್ಪಲಿ ಅಂತ ಒಂದು ಸೌಲಭ್ಯವನ್ನೂ ಕೊಟ್ಟಿದ್ದರು. ‘ವೆನೆವರ್ ಎಸ್‌ಕ್ಯೂಎಲ್‌ಎರರ್ ಗೋಟು’ ಅಂತ ಒಮ್ಮೆ ಮೇಲೆ ಬರೆದುಬಿಟ್ಟರೆ, ಆಮೇಲೆ ಎಲ್ಲಿ ತಪ್ಪಾದರೂ ಪ್ರೋಗ್ರಾಮು ನೀವು ಹೇಳಿದ ಜಾಗಕ್ಕೆ ಜಿಗಿಯುತ್ತಿತ್ತು. ಬಹಳ ಒಳ್ಳೆಯ ಯೋಚನೆ. ಆದರೆ ಅದನ್ನು ಬರೆಯದಿದ್ದರೆ? ಬರೆಯದಿದ್ದರೆ ‘ಕಂಟಿನ್ಯೂ’ ಅಂತ ಬರೆದ ಹಾಗೇ ಲೆಕ್ಕ. ಅಂದರೆ ತಪ್ಪಾದರೂ ಮುಂದುವರಿ. ಈ ‘ಬರೆಯದಿದ್ದರೆ’ ಅನ್ನೋದನ್ನ ನೆನಪಿಟ್ಟುಕೊಳ್ಳಿ, ನಲವತ್ತು ವರ್ಷ ಇದು ನಮ್ಮ ಬೆನ್ನು ಬಿಡುವುದಿಲ್ಲ.

1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿ ಎಸ್‌ಕ್ಯೂಎಲ್‌ಗೆ ಮೊದಲ ಮಾನಕ ಮಾಡಿದಾಗ ಎಸ್‌ಕ್ಯೂಎಲ್‌ಕೋಡನ್ನೂ ಸೇರಿಸಿಕೊಂಡಿತು. ಆದರೆ ಅರ್ಧ ಮನಸ್ಸಿನಿಂದ. ಸೊನ್ನೆ ಅಂದರೆ ಸರಿ, 100 ಅಂದರೆ ಸಾಲಿಲ್ಲ, ಋಣ ಅಂದರೆ ತಪ್ಪು. ಯಾವ ತಪ್ಪಿಗೆ ಯಾವ ಋಣ ಸಂಖ್ಯೆ ಅನ್ನೋದನ್ನ ತಯಾರಕರಿಗೇ ಬಿಟ್ಟಿತು. ಫಲ ಏನಾಯಿತು ನೋಡಿ. ಒಂದೇ ಕೀಲಿಯ ಎರಡು ಸಾಲು ಸೇರಿಸಲು ಹೋದರೆ ಡಿಬಿ2 ಹೇಳೋದು −803. ಒರಾಕಲ್ ಹೇಳೋದು ಒಆರ್‌ಎ-00001. ಮುಂದೆ ಬಂದ ಮೈಎಸ್‌ಕ್ಯೂಎಲ್ ಹೇಳೋದು 1062, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ 2627, ಎಸ್‌ಕ್ಯೂಲೈಟ್ 19. ತಪ್ಪು ಒಂದೇ, ಹೆಸರು ಐದು. ಒಂದು ಡೇಟಾಬೇಸಿಗೆ ಬರೆದ ಪ್ರೋಗ್ರಾಮನ್ನು ಇನ್ನೊಂದಕ್ಕೆ ಒಯ್ಯಬೇಕಾದರೆ ಎಸ್‌ಕ್ಯೂಎಲ್ ವಾಕ್ಯ ಬದಲಾಯಿಸಿದರೆ ಸಾಲದು, ಬೈಗುಳದ ನಿಘಂಟನ್ನೇ ಬದಲಾಯಿಸಬೇಕು.

ಇದಕ್ಕೆ ಔಷಧ ಬಂದದ್ದು 1992ರ ಮಾನಕದಲ್ಲಿ. ಅದರ ಹೆಸರು ಎಸ್‌ಕ್ಯೂಎಲ್‌ಸ್ಟೇಟ್. ಸಂಖ್ಯೆಯ ಬದಲು ಐದು ಅಕ್ಷರಗಳು. ಮೊದಲ ಎರಡು ಅಕ್ಷರ ತಪ್ಪಿನ ವರ್ಗ, ಉಳಿದ ಮೂರು ಆ ವರ್ಗದೊಳಗಿನ ವಿವರ. ಹೆಚ್ಚು ಕಡಿಮೆ ನಮ್ಮ ಪಿನ್‌ಕೋಡಿನ ಹಾಗೆ: ಮೊದಲಿನ ಅಂಕಿ ನೋಡಿದರೆ ಯಾವ ಕಡೆಯದು ಅಂತ ಗೊತ್ತಾಗುತ್ತೆ, ಅಂಚೆ ಕಚೇರಿ ಯಾವುದೆಂದು ತಿಳಿಯಲು ಪೂರ್ತಿ ಓದಬೇಕು. 00 ಅಂದರೆ ಸರಿ, 01 ಎಚ್ಚರಿಕೆ, 02 ಸಾಲಿಲ್ಲ, 08 ಸಂಪರ್ಕದ ತೊಂದರೆ, 22 ಕೊಟ್ಟ ದತ್ತಾಂಶ ಸರಿಯಿಲ್ಲ, 23 ನಿಯಮ ಮುರಿದಿದ್ದೀಯ, 42 ವಾಕ್ಯವೇ ತಪ್ಪು ಅಥವಾ ನಿನಗೆ ಅಧಿಕಾರ ಇಲ್ಲ. ಮೇಲೆ ಹೇಳಿದ ಜೋಡಿ ಸಾಲಿನ ತಪ್ಪಿಗೆ ಮೈಎಸ್‌ಕ್ಯೂಎಲ್ 23000 ಅನ್ನುತ್ತದೆ, ಪೋಸ್ಟ್‌ಗ್ರೆಸ್ 23505 ಅನ್ನುತ್ತದೆ. ಹಿಂದಿನ ಮೂರು ಬೇರೆ, ಮುಂದಿನ 23 ಒಂದೇ. ಪ್ರೋಗ್ರಾಮಿಗೆ ಸಾಮಾನ್ಯವಾಗಿ ಅಷ್ಟು ಸಾಕು. 1999ರ ಮಾನಕ ಬರುವ ಹೊತ್ತಿಗೆ ಹಳೆಯ ಎಸ್‌ಕ್ಯೂಎಲ್‌ಕೋಡನ್ನು ತೆಗೆದೇ ಹಾಕಿದರು. ಮಾನಕದಿಂದ ತೆಗೆದರು ಅಂತ ಹೇಳಬೇಕು; ಬ್ಯಾಂಕುಗಳ ಕೋಬಾಲ್ ಪ್ರೋಗ್ರಾಮಿನಿಂದ ಯಾರು ತೆಗೆಯುತ್ತಾರೆ, ಬಿಡಿ.

ಈಗ ಪಿಎಚ್‌ಪಿ. ರಾಸ್ಮಸ್ ಲೆರ್ಡಾರ್ಫ್ 1995ರ ಜೂನಿನಲ್ಲಿ ತನ್ನ ಪುಟಕ್ಕಾಗಿ ಬರೆದುಕೊಂಡಿದ್ದ ಉಪಕರಣಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟ. 1998ರಲ್ಲಿ ಪಿಎಚ್‌ಪಿ 3 ಬಂತು. ಅದರಲ್ಲಿ ಭಾಷೆಗೆ ಹೊರಗಿನಿಂದ ತುಂಡು ಜೋಡಿಸುವ ವ್ಯವಸ್ಥೆ ಗಟ್ಟಿಯಾಯಿತು. ಆ ತುಂಡುಗಳೇ ಎಕ್ಸ್‌ಟೆನ್ಷನ್‌ಗಳು. ಮೈಎಸ್‌ಕ್ಯೂಎಲ್ ಜೊತೆ ಮಾತಾಡಲು ಒಂದು, ಪೋಸ್ಟ್‌ಗ್ರೆಸ್ ಜೊತೆ ಒಂದು, ಒರಾಕಲ್ ಜೊತೆ ಇನ್ನೊಂದು. ಹಳೆಯ ಮೈಎಸ್‌ಕ್ಯೂಎಲ್ ಎಕ್ಸ್‌ಟೆನ್ಷನ್ನಿನ ನಡೆ ಡಿಬಿ2 ಕಾಲದ್ದೇ: ಕೇಳಿದ್ದು ಆಗದಿದ್ದರೆ ‘ಫಾಲ್ಸ್’ ಅಂತ ವಾಪಸು ಕೊಟ್ಟು ಸುಮ್ಮನಾಗುವುದು. ಯಾಕೆ ಅಂತ ತಿಳಿಯಬೇಕಾದರೆ ನೀವೇ ಇನ್ನೊಂದು ಫಂಕ್ಷನ್ ಕರೆದು ಕೇಳಬೇಕು. ಒಂದನ್ನು ಕರೆದರೆ ತಪ್ಪಿನ ಸಂಖ್ಯೆ, ಇನ್ನೊಂದನ್ನು ಕರೆದರೆ ತಪ್ಪಿನ ವಾಕ್ಯ. ಅದೂ ಕೊನೆಯ ಕೆಲಸದ್ದು ಮಾತ್ರ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಡೇಟಾಬೇಸು ಸ್ಪಷ್ಟವಾಗಿ, ಸಂಖ್ಯೆ ಸಮೇತ, ವಿವರಣೆ ಸಮೇತ ಹೇಳಿದೆ. ನಡುವೆ ನಿಂತ ಎಕ್ಸ್‌ಟೆನ್ಷನ್ ಅದನ್ನು ಕೈಯಲ್ಲಿ ಹಿಡಿದುಕೊಂಡಿದೆ. ಕೇಳುವ ತನಕ ಕೊಡುವುದಿಲ್ಲ.

ಇದಕ್ಕೆ ಜನ ಕಂಡುಕೊಂಡ ಉಪಾಯ ಪರ್ಲ್ ಭಾಷೆಯವರಿಂದ ಬಂದ ರೂಢಿ: ‘ಆರ್ ಡೈ’. ಅಂದರೆ ‘ಇದನ್ನ ಮಾಡು, ಇಲ್ಲಾ ಸಾಯಿ’. ಸಾಯುವಾಗ ತಪ್ಪಿನ ವಾಕ್ಯವನ್ನ ಪುಟದ ಮೇಲೆ ಬರೆದು ಸಾಯಿ. ಆ ಕಾಲದ ಪಾಠಪುಸ್ತಕಗಳಲ್ಲೆಲ್ಲ ಇದೇ. ಒಂದು ಪುಟ ತೆರೆದರೆ ಅರ್ಧಕ್ಕೆ ನಿಂತು ‘ನಿಮ್ಮ ಎಸ್‌ಕ್ಯೂಎಲ್ ವಾಕ್ಯದಲ್ಲಿ ವ್ಯಾಕರಣ ತಪ್ಪಿದೆ, ನಿಮ್ಮ ಆವೃತ್ತಿಯ ಕೈಪಿಡಿ ನೋಡಿ’ ಎಂಬ ಅರ್ಥದ ಇಂಗ್ಲಿಷ್ ಸಾಲು ಕಾಣಿಸಿಕೊಳ್ಳುತ್ತಿದ್ದುದು ನೆನಪಿರಬಹುದು. ಅದು 1064ನೇ ತಪ್ಪು. ರೈಲಿನ ಟಿಕೆಟ್ ಬುಕ್ ಮಾಡಲು ಬಂದ ಮನುಷ್ಯ ಯಾವ ಕೈಪಿಡಿ ನೋಡಬೇಕು?

ಮೌನ ಒಂದು ತೊಂದರೆಯಾದರೆ ಈ ಬಾಯಿಬಡುಕತನ ಇನ್ನೊಂದು. 1998ರ ಡಿಸೆಂಬರಿನಲ್ಲಿ ‘ಫ್ರ್ಯಾಕ್’ ಎಂಬ ಹ್ಯಾಕರ್ ಪತ್ರಿಕೆಯ 54ನೇ ಸಂಚಿಕೆಯಲ್ಲಿ ಒಂದು ಲೇಖನ ಬಂತು. ಜಾಲತಾಣದ ಖಾಲಿ ಜಾಗದಲ್ಲಿ ಹೆಸರಿನ ಬದಲು ಎಸ್‌ಕ್ಯೂಎಲ್ ತುಣುಕು ತುಂಬಿ ಡೇಟಾಬೇಸನ್ನು ಆಡಿಸಬಹುದು ಎಂದು ಅದು ತೋರಿಸಿತು. ಎಸ್‌ಕ್ಯೂಎಲ್ ಇಂಜೆಕ್ಷನ್ ಬಗ್ಗೆ ಬಂದ ಮೊದಲ ಸಾರ್ವಜನಿಕ ಬರಹ ಅದು ಎನ್ನುವುದು ವಾಡಿಕೆ. ಮುಂದೆ ಕಳ್ಳರಿಗೆ ಅತಿ ದೊಡ್ಡ ಸಹಾಯ ಸಿಕ್ಕಿದ್ದು ಪುಟದ ಮೇಲೆ ಬಂದು ಬೀಳುತ್ತಿದ್ದ ಈ ತಪ್ಪಿನ ವಾಕ್ಯಗಳಿಂದಲೇ. ಟೇಬಲ್ಲಿನ ಹೆಸರು, ಕಾಲಮ್ಮಿನ ಹೆಸರು, ಕೆಲವೊಮ್ಮೆ ಒಳಗಿನ ದತ್ತಾಂಶ ಕೂಡ. 1062ನೇ ತಪ್ಪು ‘ಇಂಥ ಮೌಲ್ಯ ಆಗಲೇ ಇದೆ’ ಎನ್ನುವಾಗ ಆ ಮೌಲ್ಯವನ್ನೇ ಉದ್ಧರಣ ಚಿಹ್ನೆಯಲ್ಲಿ ಹಾಕಿ ತೋರಿಸುತ್ತದೆ. ಒರಾಕಲ್‌ನವರು ಈ ವಿಷಯದಲ್ಲಿ ಮೊದಲಿಂದಲೂ ಜಾಣರು. ಅವರ 942ನೇ ತಪ್ಪು ‘ಟೇಬಲ್ ಅಥವಾ ವ್ಯೂ ಇಲ್ಲ’ ಅನ್ನುತ್ತೆ. ನಿಜವಾಗಿ ಇಲ್ಲದಿದ್ದರೂ ಅದೇ ಉತ್ತರ, ಇದ್ದು ನಿಮಗೆ ನೋಡುವ ಅಧಿಕಾರ ಇಲ್ಲದಿದ್ದರೂ ಅದೇ ಉತ್ತರ. ಸಾಲ ಕೇಳಲು ಬಂದವನಿಗೆ ‘ಯಜಮಾನರು ಮನೇಲಿಲ್ಲ’ ಅಂದ ಹಾಗೆ.

ಅಷ್ಟರಲ್ಲಿ ಎಲ್ಲ ಡೇಟಾಬೇಸುಗಳಿಗೂ ಒಂದೇ ಮುಖ ಕೊಡುವ ಪ್ರಯತ್ನ ಶುರುವಾಗಿತ್ತು. ಪಿಎಚ್‌ಪಿಯ ಪೇರ್ ಭಂಡಾರದಲ್ಲಿದ್ದ ‘ಡಿಬಿ’ ಎಂಬ ಸಂಗ್ರಹ ತನ್ನದೇ ಸಂಖ್ಯೆಗಳನ್ನು ಇಟ್ಟುಕೊಂಡಿತು. ಮೈಎಸ್‌ಕ್ಯೂಎಲ್‌ನ ಸಂಖ್ಯೆ ಬಂದರೆ ಪಟ್ಟಿ ನೋಡಿ ತನ್ನದಕ್ಕೆ ಬದಲಾಯಿಸಿಕೊಳ್ಳುತ್ತಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ ಮಾತ್ರ ಸಿಕ್ಕಿಬಿತ್ತು. 2003ರಲ್ಲಿ 7.4ನೇ ಆವೃತ್ತಿ ಬರುವ ತನಕ ಪೋಸ್ಟ್‌ಗ್ರೆಸ್‌ನಲ್ಲಿ ತಪ್ಪಿಗೆ ಸಂಖ್ಯೆಯೇ ಇರಲಿಲ್ಲ, ಬರೀ ಇಂಗ್ಲಿಷ್ ವಾಕ್ಯ. ಹಾಗಾಗಿ ಆ ಸಂಗ್ರಹದವರು ವಾಕ್ಯದಲ್ಲಿ ‘ಇಲ್ಲ’, ‘ಸಿಗಲಿಲ್ಲ’ ಎಂಬರ್ಥದ ಪದಗಳಿವೆಯೇ ಅಂತ ಹುಡುಕಿ ತಪ್ಪನ್ನು ಊಹಿಸುತ್ತಿದ್ದರು. ಯಾರೋ ಒಬ್ಬ ಇಂಜಿನಿಯರು ಮುಂದಿನ ಆವೃತ್ತಿಯಲ್ಲಿ ವಾಕ್ಯವನ್ನು ಸ್ವಲ್ಪ ಚಂದ ಮಾಡಿದರೆ ಸಾಕು, ಊಹೆ ತಪ್ಪಿತು. ಸರ್ವರನ್ನು ಜರ್ಮನ್ ಭಾಷೆಗೆ ಹಾಕಿದ್ದರಂತೂ ಕೇಳಲೇಬೇಡಿ. ಮನುಷ್ಯರಿಗಾಗಿ ಬರೆದ ವಾಕ್ಯವನ್ನು ಯಂತ್ರ ಓದಬಾರದು, ಯಂತ್ರಕ್ಕಾಗಿ ಇಟ್ಟ ಸಂಖ್ಯೆಯನ್ನು ಮನುಷ್ಯರ ಮುಖಕ್ಕೆ ಹಿಡಿಯಬಾರದು. ಪಿಎಚ್‌ಪಿ ಜಗತ್ತು ಎರಡನ್ನೂ ಮಾಡುತ್ತಿತ್ತು.

2005ರ ನವೆಂಬರಿನಲ್ಲಿ ಪಿಎಚ್‌ಪಿ 5.1ರ ಜೊತೆ ಪಿಡಿಒ ಬಂತು. ವೆಜ್ ಫರ್ಲಾಂಗ್ ಮತ್ತು ಸಂಗಡಿಗರ ಕೆಲಸ. ಎಲ್ಲ ಡೇಟಾಬೇಸಿಗೂ ಒಂದೇ ಎಕ್ಸ್‌ಟೆನ್ಷನ್, ಒಳಗೆ ಒಂದೊಂದಕ್ಕೂ ಒಂದೊಂದು ಡ್ರೈವರ್. ತಪ್ಪು ತಿಳಿಸುವ ವ್ಯವಸ್ಥೆಯನ್ನು ಅವರು ನಿಜಕ್ಕೂ ಯೋಚಿಸಿ ಕಟ್ಟಿದ್ದಾರೆ. ಕೇಳಿದರೆ ಮೂರು ಕೋಣೆಯ ಪಟ್ಟಿ ಸಿಗುತ್ತದೆ. ಮೊದಲ ಕೋಣೆಯಲ್ಲಿ ಮಾನಕದ ಐದಕ್ಷರದ ಎಸ್‌ಕ್ಯೂಎಲ್‌ಸ್ಟೇಟ್, ಎರಡನೆಯದರಲ್ಲಿ ಆ ಡೇಟಾಬೇಸಿನ ಸ್ವಂತ ಸಂಖ್ಯೆ, ಮೂರನೆಯದರಲ್ಲಿ ಮನುಷ್ಯರಿಗಾಗಿ ವಾಕ್ಯ. ಮಾನಕ, ಮನೆಮಾತು, ವಿವರಣೆ ಮೂರೂ ಬೇರೆ ಬೇರೆ. ಇದಕ್ಕಿಂತ ಚೊಕ್ಕವಾಗಿ ಹೇಳಕ್ಕಾಗಲ್ಲ. ಒಂದೇ ಒಂದು ಗೊಣಗಾಟ ಅಂದರೆ ಎಚ್‌ವೈ000. ಮಾನಕದಲ್ಲಿ ಸರಿಯಾದ ಮನೆ ಸಿಗದ ತಪ್ಪುಗಳನ್ನೆಲ್ಲ ಮೈಎಸ್‌ಕ್ಯೂಎಲ್ ಈ ‘ಸಾಮಾನ್ಯ ತಪ್ಪು’ ಎಂಬ ಗೋಣಿಚೀಲಕ್ಕೆ ತುಂಬುತ್ತದೆ. ಆಗ ಎರಡನೇ ಕೋಣೆಯೇ ಗತಿ.

ತಪ್ಪಾದಾಗ ಏನು ಮಾಡಬೇಕು ಅನ್ನೋದಕ್ಕೆ ಪಿಡಿಒ ಮೂರು ಆಯ್ಕೆ ಇಟ್ಟಿತು. ಸುಮ್ಮನಿರು, ಎಚ್ಚರಿಕೆ ಕೊಟ್ಟು ಮುಂದುವರಿ, ಎಕ್ಸೆಪ್ಷನ್ ಎಸೆದು ಅಲ್ಲೇ ನಿಲ್ಲು. ಮೂರನೆಯದು ಹಳೆಯ ‘ವೆನೆವರ್ ಎಸ್‌ಕ್ಯೂಎಲ್‌ಎರರ್’ನ ಮೊಮ್ಮಗ. ಏನೂ ಹೇಳದಿದ್ದರೆ ಯಾವುದು? ಮೊದಲನೆಯದು. ಸುಮ್ಮನಿರು. ಹಳೆಯ ಎಕ್ಸ್‌ಟೆನ್ಷನ್ ಬಳಸಿ ರೂಢಿಯಾದವರಿಗೆ ಗಾಬರಿ ಆಗದಿರಲಿ ಅಂತ ಇರಬಹುದು, ಇದು ನನ್ನ ಊಹೆ. ಏನೇ ಇರಲಿ, ‘ಕಂಟಿನ್ಯೂ’ ಮತ್ತೆ ಗೆದ್ದಿತು. ವಿಚಿತ್ರ ಅಂದರೆ ಡೇಟಾಬೇಸಿಗೆ ಸಂಪರ್ಕವೇ ಸಿಗದಿದ್ದರೆ ಮಾತ್ರ ಪಿಡಿಒ ಯಾವ ಆಯ್ಕೆಯನ್ನೂ ನೋಡದೆ ಎಕ್ಸೆಪ್ಷನ್ ಎಸೆಯುತ್ತಿತ್ತು. ಅದನ್ನು ಹಿಡಿಯದೆ ಬಿಟ್ಟರೆ, ತಪ್ಪು ತೋರಿಸುವ ಸೆಟ್ಟಿಂಗ್ ತೆರೆದಿದ್ದ ಸರ್ವರುಗಳಲ್ಲಿ, ಯಾವ ಯಾವ ಫಂಕ್ಷನ್ ಯಾವ ಮೌಲ್ಯ ಹಿಡಿದು ಓಡಿತ್ತು ಎಂಬ ಜಾಡು ಪುಟದ ಮೇಲೆ ಬರುತ್ತಿತ್ತು. ಆ ಮೌಲ್ಯಗಳಲ್ಲಿ ಡೇಟಾಬೇಸಿನ ಪಾಸ್‌ವರ್ಡೂ ಒಂದು! ಕೈಪಿಡಿಯಲ್ಲೇ ಈ ಎಚ್ಚರಿಕೆ ಇತ್ತು. ಇಂಥ ಗುಟ್ಟಿನ ಮೌಲ್ಯವನ್ನು ಜಾಡಿನಲ್ಲಿ ಮರೆಮಾಡುವ ವ್ಯವಸ್ಥೆ ಬಂದದ್ದು 2022ರ ಪಿಎಚ್‌ಪಿ 8.2ರಲ್ಲಿ. ಹೇಳಬೇಕಾದ ಕಡೆ ಮೌನ, ಹೇಳಬಾರದ್ದನ್ನು ಕೂಗಿ ಹೇಳುವುದು, ಎರಡೂ ಒಂದೇ ಮನೆಯಲ್ಲಿ.

ಮೌನದಿಂದ ಏನು ಮಹಾ ಆಗುತ್ತೆ ಅನ್ನಬಹುದು. ಒಂದು ಪತ್ತಿನ ಸಹಕಾರ ಸಂಘ ಇದೆ ಅಂದುಕೊಳ್ಳಿ. ಒಂದು ಖಾತೆಯಿಂದ ಐದು ಸಾವಿರ ತೆಗೆದು ಇನ್ನೊಂದಕ್ಕೆ ಹಾಕಬೇಕು. ಎರಡೂ ಕೆಲಸವನ್ನು ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಕಟ್ಟಿದ್ದಾರೆ, ಅಂದರೆ ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಇಲ್ಲ. ತೆಗೆಯುವ ವಾಕ್ಯ ಸರಿಯಾಗಿ ಓಡಿತು. ಹಾಕುವ ವಾಕ್ಯ ಯಾವುದೋ ನಿಯಮ ಮುರಿದು 23000 ಕೊಟ್ಟಿತು. ಪಿಡಿಒ ಸುಮ್ಮನಿತ್ತು. ಪ್ರೋಗ್ರಾಮು ಮುಂದಿನ ಸಾಲಿಗೆ ಬಂದು ‘ಕಮಿಟ್’ ಅಂದಿತು. ಮೈಎಸ್‌ಕ್ಯೂಎಲ್‌ನಲ್ಲಿ ಇಂಥ ತಪ್ಪಾದರೆ ಆ ಒಂದು ವಾಕ್ಯ ಮಾತ್ರ ರದ್ದಾಗುತ್ತೆ, ಟ್ರಾನ್ಸಾಕ್ಷನ್ ಉಳಿದಿರುತ್ತೆ. ಕಮಿಟ್ ಅಂದರೆ ಉಳಿದ ಅರ್ಧ ಗಟ್ಟಿಯಾಗುತ್ತೆ. ಐದು ಸಾವಿರ ಹೋಯಿತು, ಎಲ್ಲಿಗೂ ಬರಲಿಲ್ಲ. ಇದೇ ಪೋಸ್ಟ್‌ಗ್ರೆಸ್ ಆಗಿದ್ದರೆ ಒಂದು ತಪ್ಪಾದ ಕೂಡಲೇ ಇಡೀ ಟ್ರಾನ್ಸಾಕ್ಷನ್ ಕೆಟ್ಟಿತು ಅಂತ ತೀರ್ಮಾನಿಸಿ, ಮುಂದಿನ ವಾಕ್ಯಗಳಿಗೆಲ್ಲ 25ಪಿ02 ಅನ್ನುತ್ತಾ ಹೋಗುತ್ತೆ. ಕಮಿಟ್ ಅಂದರೂ ಹಿಂದಕ್ಕೆ ತೆಗೆದುಕೊಳ್ಳುತ್ತೆ. ಪಿಎಚ್‌ಪಿ ಮಂದಿ ಹೆಚ್ಚಾಗಿ ಬಳಸುತ್ತಿದ್ದುದು ಮೈಎಸ್‌ಕ್ಯೂಎಲ್ ಅನ್ನು.

ಕನ್ನಡಿಗರಿಗೆ ಹತ್ತಿರವಾದ ಇನ್ನೊಂದು ನಷ್ಟವನ್ನ ಹೇಳಲೇಬೇಕು. 2018ರಲ್ಲಿ 8.0 ಬರುವ ತನಕ ಮೈಎಸ್‌ಕ್ಯೂಎಲ್‌ನಲ್ಲಿ ನೀವೇನೂ ಹೇಳದಿದ್ದರೆ ಟೇಬಲ್ಲಿನ ಲಿಪಿ ‘ಲ್ಯಾಟಿನ್1’, ಅಕಾರಾದಿ ಕ್ರಮ ಸ್ವೀಡಿಷ್. ಹುಟ್ಟಿದ್ದು ಸ್ವೀಡನ್ನಿನ ಕಂಪನಿಯಲ್ಲಿ, ಅದಕ್ಕೇ. ಅಂಥ ಟೇಬಲ್ಲಿಗೆ ಯೂನಿಕೋಡ್ ಸಂಪರ್ಕದ ಮೂಲಕ ‘ಕನ್ನಡ’ ಎಂಬ ಪದ ಕಳಿಸಿದರೆ ಅದಕ್ಕೆ ಇಡಲು ಜಾಗವಿಲ್ಲ. ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ, ಒಟ್ಟು ಐದು ಸಂಕೇತ. ಐದಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬರೆದು ಇಟ್ಟುಕೊಳ್ಳುತ್ತಿತ್ತು: ?????. ಡೇಟಾಬೇಸಿಗೆ ಇದು ಗೊತ್ತಿತ್ತು. 1366 ಅಂತ ಒಂದು ಎಚ್ಚರಿಕೆಯನ್ನೂ ಬರೆದಿಡುತ್ತಿತ್ತು. ಆದರೆ ಎಚ್ಚರಿಕೆ ಅಂದರೆ ತಪ್ಪಲ್ಲವಲ್ಲ, ಹಾಗಾಗಿ ಪಿಡಿಒ ಕೇಳಿದರೂ ಸಿಗುತ್ತಿದ್ದುದು 00000. ಐದು ಸೊನ್ನೆ, ಎಲ್ಲ ಸರಿ. ಆ ಎಚ್ಚರಿಕೆ ನೋಡಬೇಕಾದರೆ ‘ಶೋ ವಾರ್ನಿಂಗ್ಸ್’ ಅಂತ ಪ್ರತ್ಯೇಕವಾಗಿ ಕೇಳಬೇಕು. ಮುಂದಿನ ಕೆಲಸ ಶುರುವಾದರೆ ಅದೂ ಅಳಿಸಿಹೋಗುತ್ತೆ. ಅಕ್ಷರಗಳು ಅಡ್ಡಾದಿಡ್ಡಿ ಕಂಡರೆ ಸರಿಪಡಿಸಬಹುದು, ಒಳಗೆ ಬೈಟುಗಳು ಉಳಿದಿರುತ್ತವೆ. ಪ್ರಶ್ನಾರ್ಥಕ ಚಿಹ್ನೆ ಆದ ಮೇಲೆ ಉಳಿದಿರುವುದು ಪ್ರಶ್ನೆ ಮಾತ್ರ. ಎಷ್ಟು ಕಥೆ, ಎಷ್ಟು ಟಿಪ್ಪಣಿ ಹೀಗೆ ಹೋಗಿವೆಯೋ ಲೆಕ್ಕ ಇಟ್ಟವರಿಲ್ಲ. 2015ರಲ್ಲಿ ಬಂದ ಮೈಎಸ್‌ಕ್ಯೂಎಲ್ 5.7 ಕಟ್ಟುನಿಟ್ಟಿನ ವರ್ತನೆಯನ್ನು ಪೂರ್ವನಿಯೋಜಿತ ಮಾಡಿತು. ಅದೇ 1366 ಈಗ ತಪ್ಪಾಗಿ ಬಡ್ತಿ ಪಡೆದು ವಾಕ್ಯವನ್ನೇ ತಡೆಯುತ್ತದೆ.

ಪಿಎಚ್‌ಪಿ ಕಡೆಯೂ ಗಾಳಿ ತಿರುಗುತ್ತಿತ್ತು. ಹಳೆಯ ಮೈಎಸ್‌ಕ್ಯೂಎಲ್ ಎಕ್ಸ್‌ಟೆನ್ಷನ್ನಿಗೆ 2013ರ 5.5ರಲ್ಲಿ ನೋಟಿಸು ಕೊಟ್ಟರು, 2015ರ ಡಿಸೆಂಬರಿನ 7.0ರಲ್ಲಿ ಮನೆಯಿಂದ ಹೊರಗೆ ಹಾಕಿದರು. 2020ರ ನವೆಂಬರ್ 26ರಂದು ಬಂದ ಪಿಎಚ್‌ಪಿ 8.0ರಲ್ಲಿ ಪಿಡಿಒದ ‘ಏನೂ ಹೇಳದಿದ್ದರೆ’ ಬದಲಾಯಿತು. ಇನ್ನು ಮೇಲೆ ತಪ್ಪಾದರೆ ಎಕ್ಸೆಪ್ಷನ್. ಮರುವರ್ಷ 8.1ರಲ್ಲಿ ಮೈಎಸ್‌ಕ್ಯೂಎಲ್‌ಐ ಎಂಬ ಇನ್ನೊಂದು ಎಕ್ಸ್‌ಟೆನ್ಷನ್ನೂ ಇದೇ ದಾರಿ ಹಿಡಿಯಿತು. ಹೊಸ ಸೌಲಭ್ಯ ಒಂದೂ ಇಲ್ಲ ಇದರಲ್ಲಿ. ಎಕ್ಸೆಪ್ಷನ್ 2005ರಿಂದಲೂ ಇತ್ತು, ಐದಕ್ಷರದ ಸಂಕೇತ 1992ರಿಂದಲೂ ಇತ್ತು. ಬದಲಾದದ್ದು ಕೇಳುವ ಹೊಣೆ ಯಾರದು ಅನ್ನೋದು.

ಜನರ ಪ್ರತಿಕ್ರಿಯೆ ನಿರೀಕ್ಷಿಸಿದ್ದೇ. ಸರ್ವರಿನಲ್ಲಿ ಪಿಎಚ್‌ಪಿ ಮೇಲ್ದರ್ಜೆಗೆ ಏರಿಸಿದ ದಿನ ಚೆನ್ನಾಗಿ ಓಡುತ್ತಿದ್ದ ತಾಣ ನಿಂತುಹೋಯಿತು, ಹೊಸ ಆವೃತ್ತಿ ಕೆಟ್ಟದ್ದು, ಅಂತ. ನೋಡಿದರೆ 42ಎಸ್02: ಅಂಥ ಟೇಬಲ್ಲೇ ಇಲ್ಲ. ಯಾವತ್ತೋ ತೆಗೆದುಹಾಕಿದ ಟೇಬಲ್ಲಿಗೆ ಪ್ರೋಗ್ರಾಮು ಪುಟ ತೆರೆದಾಗಲೆಲ್ಲ ಬರೆಯುತ್ತಲೇ ಇತ್ತು, ಬರೆದೆ ಅಂತ ನಂಬಿಕೊಂಡೇ ಇತ್ತು. ಇದಕ್ಕೆ ಎರಡು ಪರಿಹಾರ. ಒಂದು, ಆ ಬರವಣಿಗೆ ಎಲ್ಲಿ ಹೋಗಬೇಕಿತ್ತು ಅಂತ ಹುಡುಕಿ ಸರಿಮಾಡುವುದು, ದಿನಗಟ್ಟಲೆ ಕೆಲಸ. ಇನ್ನೊಂದು, ಸಂಪರ್ಕ ತೆರೆಯುವ ಸಾಲಿನ ಕೆಳಗೆ ಇನ್ನೊಂದೇ ಸಾಲು ಸೇರಿಸಿ ಪಿಡಿಒವನ್ನು ಮತ್ತೆ ಮೌನಕ್ಕೆ ತಿರುಗಿಸುವುದು. ಆ ಆಯ್ಕೆಯನ್ನು 8.0 ತೆಗೆದುಹಾಕಿಲ್ಲ. ಎರಡು ನಿಮಿಷದ ಕೆಲಸ, ತಾಣ ಮತ್ತೆ ಹಸಿರು.